ಮನೆಯ ಕಂಪ್ಯೂಟರಿನ ಸರಂಜಾಮು

ಮನೆಯ ಕಂಪ್ಯೂಟರು ಆಮೆಗತಿಗೆ ಇಳಿದಾಗ, ಪದೇ ಪದೇ ನಿಂತುಹೋದಾಗ, ವರ್ಷಗಟ್ಟಲೆ ಕೂಡಿಟ್ಟ ಫೋಟೊಗಳನ್ನು ಒಮ್ಮೆಲೇ ನುಂಗಿ ಕೂತಾಗ ಬೈಗುಳ ಬೀಳುವುದು ಇಡೀ ಯಂತ್ರಕ್ಕೆ: ಹಳೆಯದಾಯಿತು, ಹೊಸದು ತರಬೇಕು. ನಿಜವಾಗಿ ಪ್ರೊಸೆಸರ್ ಕೆಡುವುದು ತೀರ ಅಪರೂಪ. ಹೆಚ್ಚಿನ ತೊಂದರೆಗಳ ಬೇರು ಇರುವುದು ಮೂರೇ ಕಡೆ: ಗೋಡೆಯಿಂದ ಬರುವ ಕರೆಂಟಿನಲ್ಲಿ, ಒಳಗೆ ತಿರುಗುವ ಡಿಸ್ಕಿನಲ್ಲಿ, ಕಡತಗಳಿಗೆ ಇನ್ನೊಂದು ಪ್ರತಿ ಇಲ್ಲದಿರುವುದರಲ್ಲಿ. ಅಂಗಡಿಯ ಮಾತುಕತೆ ಮಾತ್ರ ಐ3 ಬೇಕೋ ಐ5 ಬೇಕೋ ಎಂಬಲ್ಲೇ ಮುಗಿದುಹೋಗುತ್ತದೆ. ಆ ಎರಡರ ನಡುವಿನ ಬೆಲೆಯ ಅಂತರದಲ್ಲಿ ಮನೆಗೆ ಬೇಕಾದ ಸಣ್ಣಪುಟ್ಟ ಯಂತ್ರಾಂಶಗಳ ಬಹುಪಾಲು ಬಂದುಬಿಡುತ್ತದೆ. ಬೇಕಾದ ತಂತ್ರಾಂಶವಂತೂ ಹೆಚ್ಚುಕಡಿಮೆ ಎಲ್ಲವೂ ಪುಕ್ಕಟೆ.

ಲೆಕ್ಕ ಶುರುವಾಗಬೇಕಾದ್ದು ಗೋಡೆಯ ಸಾಕೆಟ್ಟಿನಿಂದ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿರುವ ದಪ್ಪ ಪಿನ್ನು ಅರ್ಥಿಂಗಿನದು. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇದ್ದರೂ ಹಿಂದೆ ಅರ್ಥಿಂಗ್ ತಂತಿಯೇ ಇಲ್ಲದಿರುವುದುಂಟು. ಲ್ಯಾಪ್‌ಟಾಪಿನ ಲೋಹದ ಮೈ ಅಥವಾ ಸಿಪಿಯು ಡಬ್ಬಿ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುವುದು ಇದರ ಮೊದಲ ಸೂಚನೆ. ಅಡಾಪ್ಟರಿನೊಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಸೋರುವ ಅತಿ ಸಣ್ಣ ವಿದ್ಯುತ್ತಿಗೆ ಭೂಮಿಗಿಳಿಯುವ ದಾರಿ ಸಿಗದೆ ಅದು ಮುಟ್ಟಿದವರ ಮೈ ಮೂಲಕ ಇಳಿಯಲು ನೋಡುತ್ತದೆ. ಇದನ್ನು ಪತ್ತೆಹಚ್ಚಲು ಮೂರು ದೀಪಗಳಿರುವ ಸಾಕೆಟ್ ಟೆಸ್ಟರ್ ಸಿಗುತ್ತದೆ. ಸಾಕೆಟ್ಟಿಗೆ ಚುಚ್ಚಿದರೆ ಫೇಸ್, ನ್ಯೂಟ್ರಲ್, ಅರ್ಥ್ ತಂತಮ್ಮ ಜಾಗದಲ್ಲಿವೆಯೇ ಎಂಬುದು ದೀಪ ಹತ್ತಿದ ಬಗೆಯಲ್ಲೇ ತಿಳಿಯುತ್ತದೆ. ತಂತಿ ಇದ್ದೂ ಅರ್ಥಿಂಗ್ ಕೆಲಸ ಮಾಡದಿದ್ದರೆ ಮನೆಯ ಹೊರಗಿನ ಅರ್ಥ್ ಗುಂಡಿ ಬೇಸಿಗೆಗೆ ಒಣಗಿರಬಹುದು. ಆಗಾಗ ನಾಲ್ಕು ಕೊಡ ನೀರು ಹಾಕುವ ಹಳೆಯ ರೂಢಿಗೆ ಕಾರಣ ಅದೇ: ತೇವವಿದ್ದ ಮಣ್ಣಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ.

ಸ್ಪೈಕ್ ಗಾರ್ಡ್ ಎಂದು ಮಾರುವ ಪಟ್ಟಿಗಳಲ್ಲಿ ಅನೇಕವು ಬರೀ ಎಕ್ಸ್‌ಟೆನ್ಷನ್ ಬೋರ್ಡುಗಳು. ನಿಜವಾದ ಸ್ಪೈಕ್ ಗಾರ್ಡಿನೊಳಗೆ ವೆರಿಸ್ಟರ್ ಎಂಬ ಬಿಲ್ಲೆ ಇರುತ್ತದೆ. ವೋಲ್ಟೇಜು ಒಮ್ಮೆಲೇ ನೆಗೆದಾಗ ಅದು ಹೆಚ್ಚಾದುದನ್ನು ತನ್ನ ಮೂಲಕ ಹರಿಸಿ ಹಿಂದಿನ ಯಂತ್ರವನ್ನು ಕಾಯುತ್ತದೆ. ಪ್ರತಿ ಪೆಟ್ಟಿಗೂ ಬಿಲ್ಲೆ ಸ್ವಲ್ಪ ಸವೆಯುವುದರಿಂದ ಅದಕ್ಕೂ ಆಯುಸ್ಸಿದೆ. ಅರ್ಥಿಂಗ್ ಇಲ್ಲದ ಕಡೆ ಅದರ ಅರ್ಧ ಕೆಲಸ ನಡೆಯುವುದೇ ಇಲ್ಲ. ಸಿಡಿಲಿಗಂತೂ ಇದು ಯಾವ ಲೆಕ್ಕಕ್ಕೂ ಬಾರದು. ಏಪ್ರಿಲ್–ಮೇ ತಿಂಗಳ ಗುಡುಗುಮಳೆಯಲ್ಲೂ ಹಿಂಗಾರಿನ ಸಂಜೆಗಳಲ್ಲೂ ಪ್ಲಗ್ಗು ಕಿತ್ತಿಡುವುದೊಂದೇ ದಾರಿ. ಫೈಬರ್ ಬಂದ ಮೇಲೆ ಸಿಡಿಲಿನ ಭಯವಿಲ್ಲ ಎಂಬ ಮಾತು ಮಲೆನಾಡು, ಕರಾವಳಿಗಳಲ್ಲಿ ಕೇಳಿಬರುತ್ತದೆ. ಗಾಜಿನ ಎಳೆ ವಿದ್ಯುತ್ತು ಒಯ್ಯದು ನಿಜ, ಆದರೆ ರೂಟರಿನ ಅಡಾಪ್ಟರು ಗೋಡೆಯಲ್ಲೇ ಇರುತ್ತದೆ. ಅಲ್ಲಿಂದ ಕಂಪ್ಯೂಟರಿಗೆ ಹೋಗುವ ಲ್ಯಾನ್ ಕೇಬಲ್ಲು ತಾಮ್ರದ್ದೇ.

ಡೆಸ್ಕ್‌ಟಾಪ್ ಇರುವ ಮನೆಗೆ ಯುಪಿಎಸ್ ಬೇಕೇ ಬೇಕು. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಮಾದರಿ ಸುಮಾರು 360 ವಾಟ್ ಹೊರೆ ತಾಳುತ್ತದೆ. ಒಳಗಿರುವುದು 12 ವೋಲ್ಟಿನ, 7 ಆಂಪಿಯರ್-ಅವರ್ ಸಾಮರ್ಥ್ಯದ ಒಂದು ಸೀಲ್ಡ್ ಬ್ಯಾಟರಿ. ಮಾನಿಟರ್ ಸಹಿತ ಸಾಧಾರಣ ಕಂಪ್ಯೂಟರನ್ನು ಅದು ಹತ್ತು ಹದಿನೈದು ನಿಮಿಷ ನಡೆಸೀತು. ಕಡತ ಉಳಿಸಿ ಕ್ರಮವಾಗಿ ಆಫ್ ಮಾಡಲು ಅಷ್ಟು ಸಾಕು, ಸಿನಿಮಾ ಮುಗಿಸಲು ಅದು ಇರುವುದಲ್ಲ. ಎರಡು ಮೂರು ವರ್ಷಕ್ಕೆ ಬ್ಯಾಟರಿ ಸೋಲುತ್ತದೆ. ಕರೆಂಟು ಹೋದ ಕೂಡಲೇ ಕಂಪ್ಯೂಟರೂ ಹೋಗುತ್ತದೆ. ಆಗ ಯುಪಿಎಸ್ಸನ್ನೇ ಬಿಸಾಡಿ ಹೊಸದು ತರುವವರಿದ್ದಾರೆ. ನಾಲ್ಕು ಸ್ಕ್ರೂ ಬಿಚ್ಚಿ ಅದೇ ಅಳತೆಯ ಬ್ಯಾಟರಿ ಹಾಕಿಸಿದರೆ ಅದು ಮತ್ತೆ ಎರಡು ವರ್ಷ ದುಡಿಯುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್ಸಿಗೆ ಸೇರಿಸಬಾರದು. ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಅದರ ಫ್ಯೂಸರ್ ಒಮ್ಮೆಗೆ ನೂರಾರು ವಾಟ್ ಎಳೆಯುತ್ತದೆ.

ಮನೆಗೆಲ್ಲ ಇನ್ವರ್ಟರ್ ಇದ್ದರೆ ಬೇರೆ ಯುಪಿಎಸ್ ಬೇಡವೆಂಬುದು ಅರ್ಧಸತ್ಯ. ಕರೆಂಟು ತಪ್ಪಿದ ಮೇಲೆ ಕಂಪ್ಯೂಟರಿಗೆ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನ ಬಲದಿಂದ ಹದಿನೈದಿಪ್ಪತ್ತು ಮಿಲಿಸೆಕೆಂಡು ಮಾತ್ರ ತಡೆದುಕೊಳ್ಳಬಲ್ಲದು. ಇನ್ವರ್ಟರ್ ಬ್ಯಾಟರಿಗೆ ಹೊರಳಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ ಫ್ಯಾನು, ದೀಪಗಳಿಗೆ ಏನೂ ಆಗದು, ಕಂಪ್ಯೂಟರು ಮಾತ್ರ ರೀಸ್ಟಾರ್ಟ್ ಆಗುತ್ತದೆ. ಅನೇಕ ಇನ್ವರ್ಟರುಗಳ ಹಿಂಬದಿಯಲ್ಲಿ ‘ಯುಪಿಎಸ್’ ಮತ್ತು ‘ಇಕೊ’ ಎಂಬ ಎರಡು ಸ್ಥಿತಿಗಳ ಸಣ್ಣ ಸ್ವಿಚ್ಚಿರುತ್ತದೆ. ಯುಪಿಎಸ್ ಸ್ಥಿತಿಯಲ್ಲಿ ಹೊರಳುವಿಕೆ ಚುರುಕು. ಕೂರಿಸಿ ಹೋದ ದಿನದಿಂದ ಯಾರೂ ಮುಟ್ಟದ ಆ ಸ್ವಿಚ್ಚನ್ನು ಒಮ್ಮೆ ನೋಡುವುದು ಒಳ್ಳೆಯದು. ರೂಟರಿಗೆಂದೇ ಅಂಗೈಯಗಲದ ಮಿನಿ ಯುಪಿಎಸ್ ಈಗ ಎಲ್ಲೆಡೆ ಸಿಗುತ್ತದೆ. ಕೊಳ್ಳುವ ಮುನ್ನ ರೂಟರಿನ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟೇಜು ಓದಬೇಕು. 12 ವೋಲ್ಟ್ ಹೆಚ್ಚು ಬಳಕೆಯಲ್ಲಿದ್ದರೂ 9 ಮತ್ತು 5 ವೋಲ್ಟಿನವೂ ಇವೆ.

ಡಬ್ಬಿಯ ಒಳಗೆ ಹಣ ಹಾಕುವುದಾದರೆ ಮೊದಲ ಹಕ್ಕು ಎಸ್‌ಎಸ್‌ಡಿಯದು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳಿರುತ್ತವೆ. ಅವುಗಳ ಮೇಲೆ ಗ್ರಾಮಫೋನಿನ ಮುಳ್ಳಿನಂತೆ ಒಂದು ತೋಳು ಅತ್ತಿತ್ತ ಓಡಾಡಿ ಮಾಹಿತಿ ಹುಡುಕುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ ಓದಲು ಸುಮಾರು ಹತ್ತು ಮಿಲಿಸೆಕೆಂಡು; ಅಂದರೆ ಸೆಕೆಂಡಿಗೆ ನೂರರ ಆಸುಪಾಸಿನ ಹುಡುಕಾಟ. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಕಡತಗಳು ಒಟ್ಟಿಗೇ ಬೇಕಾಗುವುದರಿಂದ ಇಡೀ ಯಂತ್ರ ಆ ಒಂದು ತೋಳಿಗಾಗಿ ಕಾಯುತ್ತ ನಿಲ್ಲುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಸಾಟಾ ಕೇಬಲ್ಲಿನ ಸಾಧಾರಣ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಸಾವಿರಗಟ್ಟಲೆ ಸಣ್ಣ ಓದುಗಳನ್ನು ಮುಗಿಸುತ್ತದೆ. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಇದರಿಂದ ಬದಲಾಗುವ ಪರಿ, ಹೊಸದು ಕೊಳ್ಳಲು ಹಣ ಎತ್ತಿಟ್ಟವರು ಮನಸ್ಸು ಬದಲಿಸುವಷ್ಟು. ಹಳೆಯ ಡಿಸ್ಕಿನಲ್ಲಿದ್ದುದನ್ನು ಯಥಾವತ್ತಾಗಿ ಹೊಸದಕ್ಕೆ ಇಳಿಸಲು ತೈವಾನಿನಲ್ಲಿ ರೂಪುಗೊಂಡ ಕ್ಲೋನ್‌ಜಿಲ್ಲಾ ಎಂಬ ಮುಕ್ತ ತಂತ್ರಾಂಶವಿದೆ. ಬಿಚ್ಚಿದ ಡಿಸ್ಕು ಇನ್ನೂ ಗಟ್ಟಿಯಾಗಿದ್ದರೆ ಯುಎಸ್‌ಬಿ ಕೇಸಿಂಗಿನಲ್ಲಿ ಕೂರಿಸಿ ಬ್ಯಾಕಪ್ಪಿಗೆ ಬಳಸಬಹುದು. ಗಟ್ಟಿಯಾಗಿದೆಯೇ ಎಂದು ತಿಳಿಯಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಸಾಕು. ಡಿಸ್ಕು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಯನ್ನು ಅದು ತೆರೆದು ತೋರಿಸುತ್ತದೆ. ನೀಲಿ ಬಣ್ಣವಿದ್ದರೆ ಕ್ಷೇಮ. ಹಳದಿ ಕಂಡರೆ, ಕೆಟ್ಟ ಸೆಕ್ಟರುಗಳ ಎಣಿಕೆ ದಿನದಿನಕ್ಕೆ ಏರುತ್ತಿದ್ದರೆ, ಮೊದಲು ಕಡತಗಳನ್ನು ಬೇರೆಡೆಗೆ ಸಾಗಿಸಬೇಕು, ಮಿಕ್ಕದ್ದು ಆಮೇಲೆ.

ಎಸ್‌ಎಸ್‌ಡಿಯ ನಂತರದ ಜಾಗ ರ‍್ಯಾಮಿನದು. ಬ್ರೌಸರಿನಲ್ಲಿ ಹತ್ತಾರು ಟ್ಯಾಬ್ ತೆರೆದಿಡುವ ಈ ಕಾಲಕ್ಕೆ 4 ಜಿಬಿ ಸಾಲದು, 8 ಜಿಬಿ ನಡೆದೀತು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಆದ್ದರಿಂದ ಬೆಂಗಳೂರಿನ ಎಸ್‌.ಪಿ. ರಸ್ತೆಗೋ ಊರಿನ ಅಂಗಡಿಗೋ ಹೋಗುವಾಗ ಹಳೆಯ ರ‍್ಯಾಮ್ ಪಟ್ಟಿಯನ್ನೇ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವುದು ಲೇಸು. ಸ್ವಿಚ್ ಒತ್ತಿದರೆ ಫ್ಯಾನು ತಿರುಗಿಯೂ ಪರದೆ ಕಪ್ಪಾಗಿಯೇ ಇದ್ದರೆ ರಿಪೇರಿಯವರು ಮೊದಲು ಮಾಡುವ ಕೆಲಸ ರ‍್ಯಾಮಿನ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸುವುದು. ತೇವಕ್ಕೆ ಕಟ್ಟಿದ ಕಿಲುಬು ಹೋಗಿ ಸಂಪರ್ಕ ಸರಿಯಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅರ್ಧದಷ್ಟು ‘ಸತ್ತ’ ಕಂಪ್ಯೂಟರುಗಳು ಇಷ್ಟಕ್ಕೇ ಎದ್ದು ಕೂರುತ್ತವೆ ಎಂದರೆ ತಂತ್ರಜ್ಞರು ನಗಬಹುದು, ಅಲ್ಲಗಳೆಯಲಾರರು. ಇನ್ನೊಂದು ಸಣ್ಣ ಸಾಮಾನು ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿ. ಅದು ಸೋತರೆ ಪ್ರತಿ ಸಲವೂ ಕಂಪ್ಯೂಟರಿನ ದಿನಾಂಕ ವರ್ಷಗಳ ಹಿಂದಕ್ಕೆ ಹೋಗುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಅವಧಿಯಿರುವುದರಿಂದ ತಪ್ಪು ದಿನಾಂಕದ ಯಂತ್ರದಲ್ಲಿ ಬ್ಯಾಂಕಿನ ತಾಣವೂ ‘ಸುರಕ್ಷಿತವಲ್ಲ’ ಎಂದು ಬಾಗಿಲು ಹಾಕುತ್ತದೆ. ಇಂಟರ್ನೆಟ್ ಕೆಟ್ಟಿದೆ ಎಂದು ದೂರು ಕೊಡುವ ಮೊದಲು ಗಡಿಯಾರ ನೋಡಿದರೆ ಒಳ್ಳೆಯದು. ಡಬ್ಬಿಯ ಹಿಂಭಾಗದಲ್ಲಿ ಬಿಚ್ಚಿಬಿಟ್ಟ ತಗಡಿನ ಕಿಂಡಿಗಳನ್ನು ಮುಚ್ಚುವುದಕ್ಕೂ ಕಾರಣವಿದೆ: ಜಿರಳೆ, ಹಲ್ಲಿಗಳಿಗೆ ಬೆಚ್ಚಗಿನ ಎಸ್‌ಎಂಪಿಎಸ್ ಇಷ್ಟವಾದ ಬಿಡಾರ.

ಪ್ರಿಂಟರಿನ ಆಯ್ಕೆ ಬಳಕೆಗೆ ತಕ್ಕಂತೆ. ತಿಂಗಳಿಗೊಮ್ಮೆ ಒಂದು ಅರ್ಜಿ ಮುದ್ರಿಸುವ ಮನೆಗೆ ಇಂಕ್‌ಜೆಟ್ ತಂದರೆ ನಡುವಿನ ದಿನಗಳಲ್ಲಿ ಶಾಯಿ ಒಣಗಿ ನಳಿಕೆಗಳು ಕಟ್ಟಿಕೊಳ್ಳುತ್ತವೆ. ಪುಡಿಯಿಂದ ನಡೆಯುವ ಲೇಸರಿಗೆ ಆ ಕಾಟವಿಲ್ಲ. ಮಕ್ಕಳ ಪ್ರಾಜೆಕ್ಟಿಗೆ ಬಣ್ಣದ ಪುಟ ಬೇಕೇ ಬೇಕೆಂದಾದರೆ ಇಂಕ್ ಟ್ಯಾಂಕಿನದು ಆಗಬಹುದು, ವಾರಕ್ಕೊಂದು ಬಣ್ಣದ ಹಾಳೆ ಹೊರಬರುತ್ತಿರಬೇಕು. ಪೆನ್‌ಡ್ರೈವಿನ ವಿಷಯದಲ್ಲಿ ಎಚ್ಚರ ಬೇಕಾದ್ದು ನಕಲಿಗಳ ಬಗ್ಗೆ. ಕೆಲವೇ ನೂರು ರೂಪಾಯಿಗೆ ಎರಡು ಟಿಬಿ ಎಂಬುದೆಲ್ಲ ಸುಳ್ಳು. ಒಳಗಿನ ಚಿಪ್ಪಿನ ಸಾಮರ್ಥ್ಯ ಅಲ್ಪವೇ ಇದ್ದು, ಅದನ್ನು ನಿಯಂತ್ರಿಸುವ ಬಿಡಿಭಾಗ ಕಂಪ್ಯೂಟರಿಗೆ ದೊಡ್ಡ ಅಂಕಿ ಹೇಳುತ್ತದೆ. ನಿಜವಾದ ಜಾಗ ತುಂಬಿದ ಮೇಲೆ ಬರೆದುದು ಗಾಳಿಯಲ್ಲಿ ಹೋಗುತ್ತದೆ, ಕಡತದ ಹೆಸರು ಮಾತ್ರ ಕಾಣುತ್ತಿರುತ್ತದೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಪುಟ್ಟ ತಂತ್ರಾಂಶ ಡ್ರೈವನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ ನೋಡಿ ಈ ಮೋಸವನ್ನು ಬಯಲಿಗೆಳೆಯುತ್ತದೆ.

ತಂತ್ರಾಂಶದ ಮಾತಿಗೆ ಬಂದರೆ, ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಇಂಟೆಲ್ಲಿನದಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರೂ ಬೇಕು. ಹೀಗಾಗಿ 2017ಕ್ಕಿಂತ ಹಿಂದಿನ, ಇನ್ನೂ ಗಟ್ಟಿಮುಟ್ಟಾಗಿರುವ ಯಂತ್ರಗಳು ಅಧಿಕೃತವಾಗಿ ಹೊರಗುಳಿದವು. ಇವಕ್ಕೆ ಲಿನಕ್ಸ್ ಮಿಂಟ್ ಒಳ್ಳೆಯ ಆಸರೆ. ಮೇಜು, ಮೆನು ಎಲ್ಲ ವಿಂಡೋಸ್ ಬಳಸಿದವರಿಗೆ ಪರಿಚಿತವೆನಿಸುವಂತಿದೆ. ಪೆನ್‌ಡ್ರೈವಿನಿಂದಲೇ ನಡೆಸಿ, ವೈಫೈ, ಪ್ರಿಂಟರು ಹೊಂದಿಕೊಳ್ಳುತ್ತವೆಯೇ ಎಂದು ನೋಡಿದ ಮೇಲೆ ಡಿಸ್ಕಿಗೆ ಇಳಿಸಬಹುದು. ಒಂದೇ ಪೆನ್‌ಡ್ರೈವಿನಲ್ಲಿ ಇಂಥ ಹಲವು ವ್ಯವಸ್ಥೆಗಳನ್ನು ಇಟ್ಟುಕೊಳ್ಳಲು ವೆಂಟಾಯ್ ನೆರವಾಗುತ್ತದೆ. ಟ್ಯಾಲಿ ಅಥವಾ ತೆರಿಗೆಯ ಯಾವುದೋ ವಿಂಡೋಸ್ ತಂತ್ರಾಂಶವನ್ನೇ ನೆಚ್ಚಿಕೊಂಡವರಿಗೆ ಮಾತ್ರ ಇದು ತೊಡಕು.

ನಿತ್ಯದ ಕೆಲಸಕ್ಕೆ ಬೇಕಾದವು ಹೆಚ್ಚೇನಿಲ್ಲ. ಪ್ಯಾರಿಸ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು 1996ರಲ್ಲಿ ಕೈಗೆತ್ತಿಕೊಂಡ ಯೋಜನೆಯಿಂದ ಬೆಳೆದ ವಿಎಲ್‌ಸಿ ಬಹುತೇಕ ಯಾವ ವಿಡಿಯೊ ಕೊಟ್ಟರೂ ತೆರೆಯುತ್ತದೆ. ಮದುವೆ ಮನೆಯ ಹಳೆಯ ಡಿವಿಡಿಯೂ ಅದಕ್ಕೆ ಹೊರತಲ್ಲ. ಪತ್ರ, ಲೆಕ್ಕಪಟ್ಟಿಗಳಿಗೆ ಲಿಬ್ರೆ ಆಫೀಸ್, ಜಿಪ್ ಗಂಟು ಬಿಚ್ಚಲು ಸೆವೆನ್-ಜಿಪ್. ಕಡತ ಎಲ್ಲಿಟ್ಟಿದ್ದೇವೆಂದು ಮರೆಯುವವರಿಗೆ ‘ಎವ್ರಿಥಿಂಗ್’ ಎಂಬ ಹುಡುಕಾಟದ ಉಪಕರಣವಿದೆ. ಡಿಸ್ಕಿನ ಕಡತಪಟ್ಟಿಯನ್ನೇ ನೇರವಾಗಿ ಓದುವುದರಿಂದ ಹೆಸರಿನ ಮೂರಕ್ಷರ ಒತ್ತುವಷ್ಟರಲ್ಲಿ ಉತ್ತರ ಮುಂದಿರುತ್ತದೆ. ಪ್ರವೇಶ ಪರೀಕ್ಷೆ, ನೌಕರಿ ಅರ್ಜಿಗಳು ಫೋಟೊ ಮತ್ತು ಸಹಿಯನ್ನು ಇಂತಿಷ್ಟು ಕೆಬಿಯೊಳಗೆ ಕೇಳುವುದು ಮನೆಮನೆಯ ತಲೆನೋವು. ಸೈಬರ್ ಸೆಂಟರಿನಲ್ಲಿ ಹಣ ಕೊಟ್ಟು ಮಾಡಿಸುವ ಈ ಕೆಲಸವನ್ನು ಇರ್ಫಾನ್‌ವ್ಯೂ ಎಂಬ ಹಳೆಯ, ಹಗುರ ಚಿತ್ರವೀಕ್ಷಕ ಮನೆಯಲ್ಲೇ ಮುಗಿಸುತ್ತದೆ. ಪಿಡಿಎಫ್ ಜೋಡಿಸಲು, ಕುಗ್ಗಿಸಲು ಪಿಡಿಎಫ್24 ಇದೆ. ಇಂಥವನ್ನು ಕಂಪ್ಯೂಟರಿನಲ್ಲೇ ಇಳಿಸಿಕೊಳ್ಳಬೇಕೆನ್ನಲು ಕಾರಣವಿದೆ. ಅಂತರ್ಜಾಲದಲ್ಲಿ ಮೊದಲು ಕಂಡ ‘ಕಂಪ್ರೆಸ್’ ತಾಣಕ್ಕೆ ಆಧಾರ್, ಪ್ಯಾನ್, ಅಂಕಪಟ್ಟಿಗಳನ್ನು ಏರಿಸುವುದೆಂದರೆ ಅವುಗಳ ಪ್ರತಿಯನ್ನು ಅಪರಿಚಿತರ ಕೈಗೆ ಕೊಟ್ಟಂತೆಯೇ.

ಕನ್ನಡ ಬರೆಯಲು ಈಗ ಬೇರೆ ತಂತ್ರಾಂಶವೇ ಬೇಕೆಂದಿಲ್ಲ ಎಂಬುದು ಅನೇಕರಿಗೆ ಇನ್ನೂ ತಲುಪದ ಸುದ್ದಿ. ಇನ್‌ಸ್ಕ್ರಿಪ್ಟ್ ವಿನ್ಯಾಸದ ಕನ್ನಡ ಕೀಲಿಮಣೆ ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ಒಳಗೇ ಇದೆ. 2019ರ ಮೇ ತಿಂಗಳ ಪರಿಷ್ಕರಣೆಯಲ್ಲಿ ಧ್ವನಿ ಆಧಾರಿತ ಕೀಲಿಮಣೆಯೂ ಸೇರಿತು. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆಯಂತೆ ಒತ್ತಿದರೆ ಅದು ಕನ್ನಡವಾಗುತ್ತದೆ. ಸೆಟ್ಟಿಂಗ್ಸಿನ ಭಾಷೆಯ ವಿಭಾಗದಲ್ಲಿ ಕನ್ನಡವನ್ನು ಸೇರಿಸಿದರೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ಕೈ ಪಳಗಿದವರಿಗೆ, ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತಿ ಅಭ್ಯಾಸವಾದವರಿಗೆ, ಕನ್ನಡ ಗಣಕ ಪರಿಷತ್ತಿನ ನುಡಿ ಮತ್ತು ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ಇದ್ದೇ ಇವೆ. ಲಿನಕ್ಸಿನಲ್ಲಿ ಐಬಸ್ ವ್ಯವಸ್ಥೆಯ ಮೂಲಕ ಇದೇ ವಿನ್ಯಾಸ ಸಿಗುತ್ತದೆ.

ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್ ರೂಢಿಯಾಗುವ ಮೊದಲು ಕನ್ನಡದ ಫಾಂಟುಗಳು ಇಂಗ್ಲಿಷ್ ಮತ್ತಿತರ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಇಡೀ ಬರಹ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಹುಡುಕಾಟಕ್ಕೂ ದಕ್ಕುವುದಿಲ್ಲ. ಇಂಥ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ನುಡಿ, ಬರಹ ಎರಡರ ಜೊತೆಗೂ ಬರುತ್ತವೆ. ಸಂಘ ಸಂಸ್ಥೆಗಳ ಹಳೆಯ ನಡಾವಳಿ, ಊರಿನ ಸ್ಮರಣ ಸಂಚಿಕೆ, ತೀರಿಕೊಂಡ ಹಿರಿಯರ ಲೇಖನಗಳು ಹೀಗೆ ಸಿಕ್ಕಿಬಿದ್ದಿದ್ದರೆ ಪರಿವರ್ತಿಸಲು ತಡಮಾಡಬಾರದು. ಕಾಗದದ ಮೇಲಷ್ಟೇ ಇರುವ ಬರಹಕ್ಕೆ ಅಕ್ಷರ ಗುರುತಿಸುವ ತಂತ್ರಾಂಶ ಬೇಕು. ಎಚ್‌ಪಿ ಪ್ರಯೋಗಾಲಯದಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಟೆಸರಾಕ್ಟ್ ಕನ್ನಡವನ್ನೂ ಓದುತ್ತದೆ. ಪುಟದ ಚಿತ್ರವನ್ನು ಗೂಗಲ್ ಡ್ರೈವಿಗೆ ಏರಿಸಿ ಡಾಕ್ಸಿನಲ್ಲಿ ತೆರೆದರೂ ಪಠ್ಯ ಸಿಗುತ್ತದೆ. ಮೊಳೆ ಜೋಡಿಸಿ ಅಚ್ಚು ಹಾಕಿದ ಪುಸ್ತಕಗಳ ಒತ್ತಕ್ಷರಗಳಲ್ಲಿ ಎರಡೂ ಎಡವುವುದರಿಂದ ಕರಡು ತಿದ್ದುವ ಕೆಲಸ ಮಾತ್ರ ತಪ್ಪದು. ಕೀಲಿಮಣೆಯೇ ಬೇಡವೆನ್ನುವ ಹಿರಿಯರಿಗೆ ಕ್ರೋಮ್ ಬ್ರೌಸರಿನ ಗೂಗಲ್ ಡಾಕ್ಸ್ ಕನ್ನಡದ ಮಾತನ್ನು ಕೇಳಿಯೇ ಟೈಪ್ ಮಾಡಿಕೊಡುತ್ತದೆ. ಮೈಕು ಬಾಯಿಗೆ ಹತ್ತಿರವಿದ್ದಷ್ಟೂ ತಪ್ಪು ಕಡಿಮೆ.

ಹಾಕಿಕೊಳ್ಳಬಾರದ್ದೂ ಒಂದಿಷ್ಟಿದೆ. ಕಂಪ್ಯೂಟರಿನ ವೇಗ ಹೆಚ್ಚಿಸುತ್ತೇವೆ, ರಿಜಿಸ್ಟ್ರಿ ತೊಳೆಯುತ್ತೇವೆ, ಡ್ರೈವರ್ ಹೊಸದು ಮಾಡುತ್ತೇವೆ ಎನ್ನುವ ‘ಕ್ಲೀನರ್’ಗಳಿಂದ ಉಪಯೋಗವಾದದ್ದು ಕಡಿಮೆ. ಇವುಗಳಲ್ಲೇ ಹೆಸರಾದ ಸಿಕ್ಲೀನರಿನ 5.33ನೆಯ ಆವೃತ್ತಿಯೊಳಗೆ 2017ರಲ್ಲಿ ದುಷ್ಟ ಸಂಕೇತ ಸೇರಿಕೊಂಡು, ಅಧಿಕೃತ ತಾಣದಿಂದಲೇ ಲಕ್ಷಾಂತರ ಯಂತ್ರಗಳಿಗೆ ಹಂಚಿಕೆಯಾಗಿತ್ತು. ಆಂಟಿವೈರಸ್ಸಿಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು. ಕ್ರ್ಯಾಕ್ ಮಾಡಿದ ತಂತ್ರಾಂಶ ಹಾಕಲು ಅದನ್ನೇ ಆಫ್ ಮಾಡಿಸುವ ಅಂಗಡಿಯಿಂದ ದೂರವಿರುವುದು ಇನ್ನೂ ದೊಡ್ಡ ರಕ್ಷಣೆ. ಸುಳ್ಳು ‘ಡೌನ್‌ಲೋಡ್’ ಗುಂಡಿಗಳನ್ನು ಮರೆಮಾಡುವ ಯುಬ್ಲಾಕ್ ಒರಿಜಿನ್ ಫೈರ್‌ಫಾಕ್ಸಿನಲ್ಲಿ ಪೂರ್ಣ ರೂಪದಲ್ಲಿ ಕೆಲಸ ಮಾಡುತ್ತದೆ, ಕ್ರೋಮಿನಲ್ಲಿ ಈಗ ಅದರ ಲೈಟ್ ರೂಪಕ್ಕಷ್ಟೇ ಜಾಗ. ಪಾಸ್‌ವರ್ಡುಗಳಿಗೆ ಬಿಟ್‌ವಾರ್ಡನ್, ಕೀಪಾಸ್‌ಎಕ್ಸ್‌ಸಿಯಂಥ ಪೆಟ್ಟಿಗೆಗಳಿವೆ. ಅವು ಒಗ್ಗದವರು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡುವುದು ಎಲ್ಲ ಕಡೆಗೂ ಒಂದೇ ಪಾಸ್‌ವರ್ಡು ಬಳಸುವುದಕ್ಕಿಂತ ಎಷ್ಟೋ ವಾಸಿ.

ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು ಊರಿನ ತಂದೆ ತಾಯಿಯ ಕಂಪ್ಯೂಟರನ್ನು ದೂರದಿಂದಲೇ ಸರಿಪಡಿಸಲು ವಿಂಡೋಸಿನ ಕ್ವಿಕ್ ಅಸಿಸ್ಟ್ ಇದೆ. ಎನಿಡೆಸ್ಕಿನಂಥವೂ ಇವೆ. ಬ್ಯಾಂಕಿನವರೆಂದು ಫೋನು ಮಾಡುವ ವಂಚಕರು ಹಾಕಿಸುವುದೂ ಇವನ್ನೇ. ಮನೆಯವರೇ ಫೋನಿನಲ್ಲಿ ಮಾತಾಡುತ್ತಿರುವಾಗ ಮಾತ್ರ ಸಂಕೇತ ಸಂಖ್ಯೆ ಕೊಡುವುದೆಂಬ ನಿಯಮ ಮಾಡಿಕೊಳ್ಳಬೇಕು. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದನ್ನು ನಡುದಾರಿಯಲ್ಲಿ ತಡೆಯುವ ಅವಕಾಶವಿರುತ್ತದೆ.

ಮಿಕ್ಕೆಲ್ಲ ಸಲಕರಣೆ ಕೈಕೊಟ್ಟರೂ ಉಳಿಸುವುದು ಬ್ಯಾಕಪ್. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರಿಂದ ಪ್ರಚಾರಕ್ಕೆ ಬಂದ ಸೂತ್ರ ಈಗಲೂ ಚಾಲ್ತಿಯಲ್ಲಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. ಒಂದು ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕು ಮತ್ತು ವಿಂಡೋಸಿನ ಫೈಲ್ ಹಿಸ್ಟರಿ ಸೇರಿದರೆ ಎರಡನೆಯ ಪ್ರತಿ ತಾನಾಗಿ ಆಗುತ್ತದೆ. ಕೆಲಸ ಮುಗಿದ ಮೇಲೆ ಆ ಡಿಸ್ಕನ್ನು ಬಿಚ್ಚಿಡಬೇಕು. 2017ರ ಮೇ 12ರಂದು ಹಬ್ಬಿದ ವನ್ನಾಕ್ರೈನಂಥ ಒತ್ತೆಹಣದ ವೈರಸ್ಸುಗಳು ಯಂತ್ರಕ್ಕೆ ಅಂಟಿಕೊಂಡಿರುವ ಡಿಸ್ಕುಗಳನ್ನೂ ಬೀಗ ಹಾಕಿಬಿಡುತ್ತವೆ. ವನ್ನಾಕ್ರೈ ನುಗ್ಗಿದ ಕಿಂಡಿಗೆ ಮೈಕ್ರೊಸಾಫ್ಟ್ ಎರಡು ತಿಂಗಳ ಹಿಂದೆಯೇ ತೇಪೆ ಕೊಟ್ಟಿತ್ತು, ಹಾಕಿಕೊಂಡಿರದವರು ಸಿಕ್ಕಿಬಿದ್ದರು. ಹೊರಗಿನ ಪ್ರತಿಗೆ ಗೂಗಲ್ಲಿನ ಉಚಿತ 15 ಜಿಬಿ ದಾಖಲೆಪತ್ರಗಳ ಮಟ್ಟಿಗೆ ಸಾಕು. 2021ರ ಜೂನ್‌ನಿಂದ ಫೋಟೊಗಳೂ ಅದೇ ಲೆಕ್ಕಕ್ಕೆ ಸೇರುವುದರಿಂದ ಮದುವೆ, ನಾಮಕರಣಗಳ ರಾಶಿಗೆ ಸಾಲದು. ಅಂಥ ಮನೆಗಳು ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಮಾಡಿ ನಂಟರ ಮನೆಯಲ್ಲಿಟ್ಟರಾಯಿತು. ಪೆನ್‌ಡ್ರೈವನ್ನು ಸಾಗಾಟಕ್ಕೆ ಬಳಸಬಹುದು, ಸಂಗ್ರಹಕ್ಕೆ ನೆಚ್ಚಬಾರದು. ಪ್ರತಿ ಮಾಡಿದ್ದಷ್ಟೇ ಅಲ್ಲ, ಆರು ತಿಂಗಳಿಗೊಮ್ಮೆ ಅದರಿಂದ ನಾಲ್ಕಾರು ಕಡತ ತೆರೆದು ನೋಡಬೇಕು.

ಯಂತ್ರ ಬಿಟ್ಟುಕೊಡುವ ಸಮಯದಲ್ಲೂ ಒಂದು ಕೆಲಸ ಉಳಿದಿರುತ್ತದೆ. ಡಿಲೀಟ್ ಮಾಡಿದ ಕಡತ ಡಿಸ್ಕಿನಿಂದ ಹೋಗುವುದಿಲ್ಲ, ಅದರ ವಿಳಾಸವಷ್ಟೇ ಅಳಿಯುತ್ತದೆ. ಆದ್ದರಿಂದ ಹಳೆಯ ಕಂಪ್ಯೂಟರನ್ನು ಕೊಡುವ ಮೊದಲು ಹಾರ್ಡ್ ಡಿಸ್ಕನ್ನು ಅಳಿಸುವ ತಂತ್ರಾಂಶದಿಂದ ಪೂರ್ತಿ ಮೇಲೆ ಬರೆಸಬೇಕು. ಎಸ್‌ಎಸ್‌ಡಿಯಾದರೆ ತಯಾರಕರ ‘ಸೆಕ್ಯೂರ್ ಇರೇಸ್’ ಆಜ್ಞೆ ಬಳಸಬೇಕು, ಅಲ್ಲಿ ಮೇಲೆ ಬರೆಯುವುದು ಎಲ್ಲ ಮೂಲೆಯನ್ನೂ ತಲುಪದು. ಕೆಟ್ಟುಹೋದ ಡಿಸ್ಕಿನ ತಟ್ಟೆಗಳಿಗೆ ಡ್ರಿಲ್ಲಿನಿಂದ ತೂತು ಕೊರೆದರೆ ಆಯಿತು. ಉಳಿದ ಸಾಮಾನು 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು. ಯುಪಿಎಸ್ಸಿನ ಸೋತ ಬ್ಯಾಟರಿಯೊಳಗೆ ಸೀಸ ಇರುವುದರಿಂದ ಅದನ್ನು ಬ್ಯಾಟರಿ ಅಂಗಡಿಯವರೇ ವಾಪಸ್ಸು ಪಡೆದು ಹೊಸದರ ಬೆಲೆಯಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಾರೆ.